ಒಂದೇ ಡೋಸ್, ಮೂರು ರಿಪೋರ್ಟ್, ಮೂರು ನಂಬರ್: ಎಸ್ಟ್ರಾಡಿಯಾಲ್ ಲೆವಲ್ ಹೇಗೆ ಓದಬೇಕು?

ಘಟಪ್ರಭಾ ದಂಡೆ, ಬಾಗಲಕೋಟೆ
ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಟ್ರಾನ್ಸ್ ಹೆಣ್ಣು. ಹೆಣ್ಣು ಹಾರ್ಮೋನ್ ಶುರು ಮಾಡಿ ಎಂಟು ತಿಂಗಳಾಯಿತು. ಎಸ್ಟ್ರಾಡಿಯಾಲ್ ವ್ಯಾಲರೇಟ್ ಗುಳಿಗೆ ದಿನಕ್ಕೆ 4 ಮಿಗ್ರಾಂ. ಮುಂಜಾನೆ 2, ರಾತ್ರಿ 2. ನುಂಗುವುದಿಲ್ಲ, ನಾಲಿಗೆ ಕೆಳಗೆ ಇಟ್ಟು ಕರಗಿಸುತ್ತೇನೆ. ಜೊತೆಗೆ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಡೆಯುವ ಸೈಪ್ರೋಟೆರೋನ್ 50 ಮಿಗ್ರಾಂ ಗುಳಿಗೆಯ ಕಾಲು ಭಾಗ. ಎಲ್ಲವೂ ಬೆಳಗಾವಿಯ ಹಾರ್ಮೋನ್ ಡಾಕ್ಟರ್ ಬರೆದುಕೊಟ್ಟದ್ದೇ.

ಈಗ ನನ್ನ ಮುಂದೆ ಮೂರು ರಿಪೋರ್ಟ್ ಇವೆ. ಡೋಸ್ ಒಂದೇ. ಮೊದಲನೆಯದರಲ್ಲಿ ಎಸ್ಟ್ರಾಡಿಯಾಲ್ 62. ಎರಡನೆಯದರಲ್ಲಿ 412. ಮೂರನೆಯದರಲ್ಲಿ 290. ಟೆಸ್ಟೋಸ್ಟೆರಾನ್ ಅಂತೂ ತಲೆಬುಡ ತಿಳಿಯುತ್ತಿಲ್ಲ. 0.48 ಇದ್ದದ್ದು 39 ಆಯಿತು, ಈಗ 1.2 ಎಂದು ಬಂದಿದೆ. ಏರಿ ಇಳಿಯಿತಾ? ಅಥವಾ ಲ್ಯಾಬ್‌ನವರು ಬೇರೆಯವರ ರಕ್ತದ ಜೊತೆ ಅದಲುಬದಲು ಮಾಡಿದರಾ?

412 ನೋಡಿ ಊರಿನ ಡಾಕ್ಟರ್ ಒಬ್ಬರು ಗಾಬರಿಯಾದರು. ಡೋಸ್ ಅರ್ಧ ಮಾಡು ಅಂದರು. ಬೆಳಗಾವಿ ಡಾಕ್ಟರ್ ಸಿಗಲು ಇನ್ನೂ ಹದಿನೈದು ದಿನ ಇದೆ. ಅರ್ಧ ಮಾಡಲು ನನಗೆ ಮನಸ್ಸು ಬರುತ್ತಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಕನ್ನಡಿ ಮುಂದೆ ನಿಂತರೆ ಹಿತ ಅನಿಸುತ್ತಿದೆ. ಹಾಗಂತ ಮೈಗೆ ಅಪಾಯ ತಂದುಕೊಳ್ಳಲೂ ಇಷ್ಟವಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಗುಮ್ಮಟದ ಪಿಸುಮಾತು, ವಿಜಯಪುರ
ಭಾನುವಾರ ರಾತ್ರಿ 10:05

ತಂಗಿ, ನಾನು ಲ್ಯಾಬ್ ಟೆಕ್ನಿಷಿಯನ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಅದಲುಬದಲು ಆಗಿರಲಾರದು, ಹೆದರಬೇಡ. ಮೊದಲು ಎರಡು ವಿಷಯ ಹೇಳು. ಪ್ರತಿ ನಂಬರಿನ ಪಕ್ಕ ಸಣ್ಣ ಅಕ್ಷರದಲ್ಲಿ ಯಾವ ಯೂನಿಟ್ ಇದೆ? ರಕ್ತ ಕೊಡುವ ಮುಂಚೆ ಕೊನೆಯ ಗುಳಿಗೆ ಇಟ್ಟುಕೊಂಡದ್ದು ಎಷ್ಟು ಗಂಟೆಗೆ?

ಘಟಪ್ರಭಾ ದಂಡೆ, ಬಾಗಲಕೋಟೆ
ಭಾನುವಾರ ರಾತ್ರಿ 10:31

ಅಣ್ಣಾ, ಈಗ ಕನ್ನಡಕ ಹಾಕಿಕೊಂಡು ನೋಡಿದೆ.

ಮೊದಲನೆಯದು ನವನಗರದಲ್ಲೇ ಕೊಟ್ಟದ್ದು. ಮುಂಜಾನೆ 8 ಗಂಟೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು, ಅದಕ್ಕೆ ಗುಳಿಗೆಯನ್ನೂ ತೆಗೆದುಕೊಂಡಿರಲಿಲ್ಲ. ಎಸ್ಟ್ರಾಡಿಯಾಲ್ 62, ಪಿಜಿ ಪರ್ ಎಂಎಲ್. ಟೆಸ್ಟೋಸ್ಟೆರಾನ್ 0.48, ಎನ್‌ಜಿ ಪರ್ ಎಂಎಲ್.

ಎರಡನೆಯದು ಬೆಳಗಾವಿಯಲ್ಲಿ. ಅವತ್ತು ನಸುಕಿನ ಬಸ್ಸಿಗೆ ಹೋದೆ. ಗಡಿಬಿಡಿಯಲ್ಲಿ ಗುಳಿಗೆ ಮರೆತಿದ್ದೆ. ಬಸ್ ನೇಸರಗಿ ದಾಟುವಾಗ ನೆನಪಾಗಿ ನಾಲಿಗೆ ಕೆಳಗೆ ಇಟ್ಟುಕೊಂಡೆ. ರಕ್ತ ಕೊಟ್ಟದ್ದು ಅದಾದ ಒಂದೂಕಾಲು ಗಂಟೆಗೆ. 412, ಅದೂ ಪಿಜಿ ಪರ್ ಎಂಎಲ್. ಟೆಸ್ಟೋಸ್ಟೆರಾನ್ 39, ಎನ್‌ಜಿ ಪರ್ ಡಿಎಲ್.

ಮೂರನೆಯದು ಮತ್ತೆ ಇಲ್ಲೇ, ಬೇರೆ ಲ್ಯಾಬ್. ಸ್ಯಾಂಪಲ್ ಬೆಂಗಳೂರಿಗೆ ಕಳಿಸಿದರು. ಮುಂಜಾನೆ ಗುಳಿಗೆಗೆ ಮುಂಚೆ ಕೊಟ್ಟದ್ದು. 290 ಮುಂದೆ ಪಿಎಂಒಎಲ್ ಪರ್ ಲೀಟರ್ ಎಂದಿದೆ. 1.2 ಮುಂದೆ ಎನ್‌ಎಂಒಎಲ್ ಪರ್ ಲೀಟರ್. ಇಷ್ಟು ದಿನ ಈ ಸಣ್ಣ ಅಕ್ಷರ ಓದಿಯೇ ಇರಲಿಲ್ಲ.

ಗುಮ್ಮಟದ ಪಿಸುಮಾತು, ವಿಜಯಪುರ
ಭಾನುವಾರ ರಾತ್ರಿ 11:20

ಅಲ್ಲೇ ಇದೆ ನೋಡು ಉತ್ತರ.

ಮೊದಲು ಯೂನಿಟ್. ಜೋಳವನ್ನು ಸೇರಿನಲ್ಲೂ ಅಳೆಯಬಹುದು, ಕೆಜಿಯಲ್ಲೂ ತೂಗಬಹುದು. ಜೋಳ ಅಷ್ಟೇ ಇರುತ್ತದೆ, ನಂಬರ್ ಬೇರೆ. ಎಸ್ಟ್ರಾಡಿಯಾಲ್ ಕೂಡ ಹಾಗೆಯೇ. 1 ಪಿಕೋಗ್ರಾಂ ಪರ್ ಎಂಎಲ್ ಅಂದರೆ 3.67 ಪಿಕೋಮೋಲ್ ಪರ್ ಲೀಟರ್. ನಿನ್ನ 290ನ್ನು 3.67ರಿಂದ ಭಾಗಿಸು. 79 ಬರುತ್ತದೆ. ಅಂದರೆ ಮೂರನೆಯ ರಿಪೋರ್ಟ್ ಹೆಚ್ಚೂಕಮ್ಮಿ ಮೊದಲನೆಯದರಂತೆಯೇ ಇದೆ.

ಟೆಸ್ಟೋಸ್ಟೆರಾನ್‌ಗೆ ನಮ್ಮ ಕಡೆ ಮೂರು ಅಳತೆ ಓಡಾಡುತ್ತವೆ. ಎನ್‌ಜಿ ಪರ್ ಎಂಎಲ್ ಇದ್ದರೆ 100ರಿಂದ ಗುಣಿಸಿದರೆ ಎನ್‌ಜಿ ಪರ್ ಡಿಎಲ್ ಸಿಗುತ್ತದೆ. ನಿನ್ನ 0.48 ಅಂದರೆ 48. ಎನ್‌ಎಂಒಎಲ್ ಇದ್ದರೆ 28.8ರಿಂದ ಗುಣಿಸಬೇಕು. 1.2 ಅಂದರೆ ಸುಮಾರು 35. ಈಗ ಸಾಲಾಗಿ ಬರೆ: 48, 39, 35. ಏರಿಯೂ ಇಲ್ಲ, ಮಾಯವಾಗಿಯೂ ಇಲ್ಲ. ನಿಧಾನಕ್ಕೆ ಇಳಿದಿದೆ. ಗಂಡಸರಲ್ಲಿ ಇದು ಸಾಮಾನ್ಯವಾಗಿ 300ರಿಂದ 1000ದ ಒಳಗೆ ಇರುತ್ತದೆ. ನಿನ್ನದು ಹೆಣ್ಣುಮಕ್ಕಳ ಮಟ್ಟಕ್ಕೆ ಬಂದು ಕೂತಿದೆ.

ಇನ್ನು 412ರ ವಿಷಯ. ಗುಳಿಗೆಯನ್ನು ನಾಲಿಗೆ ಕೆಳಗೆ ಇಟ್ಟರೆ ಅದು ಲಿವರ್ ದಾರಿ ಹಿಡಿಯದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಸುಮಾರು ಒಂದು ಗಂಟೆಯೊಳಗೆ ಲೆವಲ್ ಜಿಗಿಯುತ್ತದೆ. ಆಮೇಲೆ ಕೆಲವೇ ಗಂಟೆಯಲ್ಲಿ ಸರ್ರನೆ ಇಳಿಯುತ್ತದೆ. ನುಂಗಿದರೆ ಇಷ್ಟು ಎತ್ತರಕ್ಕೆ ಹೋಗುವುದಿಲ್ಲ, ಇಷ್ಟು ಬೇಗ ಇಳಿಯುವುದೂ ಇಲ್ಲ. ನೀನು ಸರಿಯಾಗಿ ತುದಿಯಲ್ಲಿ ಇದ್ದಾಗ ಬೆಳಗಾವಿಯಲ್ಲಿ ಸೂಜಿ ಚುಚ್ಚಿದರು. ಮಳೆಗಾಲದಲ್ಲಿ ಡ್ಯಾಂ ಗೇಟ್ ತೆಗೆದ ಹೊತ್ತಿಗೆ ಹೊಳೆಯ ದಂಡೆಗೆ ಹೋಗಿ, ವರ್ಷವೆಲ್ಲ ಘಟಪ್ರಭೆ ಹೀಗೇ ತುಂಬಿ ಹರಿಯುತ್ತದೆ ಎಂದು ಬರೆದುಕೊಂಡ ಹಾಗೆ ಆಯಿತು. ಉಳಿದ ಎರಡು ಸಲ ಗುಳಿಗೆ ತೆಗೆದುಕೊಂಡು ಹನ್ನೆರಡು ತಾಸು ಕಳೆದಿತ್ತು. ಅದು ನೀರು ಪೂರ್ತಿ ಇಳಿದ ಹೊತ್ತು.

ಡೋಸ್ ಎಷ್ಟಿರಬೇಕು ಎಂದು ಹೇಳುವವನು ನಾನಲ್ಲ. ಆದರೆ ಆ 412 ಒಂದನ್ನೇ ನೋಡಿ ಅರ್ಧ ಮಾಡುವುದು ಸರಿ ಕಾಣುವುದಿಲ್ಲ. ನಿನ್ನ ಬೆಳಗಾವಿ ಡಾಕ್ಟರಿಗೆ ಮೆಸೇಜ್ ಮಾಡು. ಮೂರೂ ರಿಪೋರ್ಟಿನ ಫೋಟೋ ಕಳಿಸು. ಪ್ರತಿ ಫೋಟೋ ಕೆಳಗೆ ಗುಳಿಗೆ ಗಂಟೆ, ರಕ್ತದ ಗಂಟೆ ಎರಡನ್ನೂ ಬರೆ.

ಇಳಕಲ್ ಸೆರಗು
ಸೋಮವಾರ ಮುಂಜಾನೆ 7:15

ನನ್ನದು ಸೂಜಿ. ಏಳು ದಿನಕ್ಕೊಮ್ಮೆ ಎಸ್ಟ್ರಾಡಿಯಾಲ್ ವ್ಯಾಲರೇಟ್. ಅಲ್ಲೂ ಇದೇ ಕಥೆ. ಚುಚ್ಚಿಸಿಕೊಂಡ ಮೊದಲ ಎರಡು ಮೂರು ದಿನ ಲೆವಲ್ ಮೇಲೆ ಇರುತ್ತದೆ, ಏಳನೇ ದಿನಕ್ಕೆ ತಳಕ್ಕೆ ಬರುತ್ತದೆ. ನಮ್ಮ ಡಾಕ್ಟರ್ ಎರಡು ಸೂಜಿಯ ನಟ್ಟನಡುವೆ ಒಂದು ದಿನ ಹಿಡಿದಿದ್ದಾರೆ. ಪ್ರತಿ ಸಲ ಅದೇ ದಿನ ರಕ್ತ ಕೊಡುತ್ತೇನೆ. ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಹೋಲಿಸಲು ಬರುತ್ತದೆ.

ಗೋಕಾಕ ಕರದಂಟು
ಸೋಮವಾರ ಮಧ್ಯಾಹ್ನ 1:10

ನಾನು ಹಾರ್ಮೋನ್ ತೆಗೆದುಕೊಳ್ಳುವವಳಲ್ಲ. ನನ್ನ ತಂಗಿ ತೆಗೆದುಕೊಳ್ಳುತ್ತಾಳೆ. ಇಪ್ಪತ್ತೆರಡು ವರ್ಷ ಅವಳನ್ನು ತಮ್ಮ ಎಂದು ಕರೆದೆವು. ತಂಗಿ ಎನ್ನಲು ಶುರು ಮಾಡಿ ಒಂದು ವರ್ಷವಾಯಿತು. ಅಪ್ಪನಿಗೆ ಇನ್ನೂ ಒಮ್ಮೊಮ್ಮೆ ಬಾಯಿ ತಪ್ಪುತ್ತದೆ, ಆದರೆ ದವಾಖಾನೆಗೆ ಅವರೇ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ.

ಹೋದ ತಿಂಗಳು ರಿಪೋರ್ಟ್ ಬಂದಾಗ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಎಸ್ಟ್ರಾಡಿಯಾಲ್ ಪಕ್ಕ ದಪ್ಪ ಅಕ್ಷರದಲ್ಲಿ ಹೈ. ಟೆಸ್ಟೋಸ್ಟೆರಾನ್ ಪಕ್ಕ ಲೋ. ಹಿಮೋಗ್ಲೋಬಿನ್ 12.6, ಅದರ ಪಕ್ಕವೂ ಲೋ. ಒಂದೇ ಹಾಳೆಯಲ್ಲಿ ಮೂರು ಕಡೆ ಕೆಂಪು. ಅಪ್ಪ ಆ ಹಾಳೆ ಹಿಡಿದುಕೊಂಡು ಅಂಗಳದಲ್ಲಿ ಕೂತುಬಿಟ್ಟರು. ಗುಳಿಗೆಯೇ ಮಗುವಿನ ರಕ್ತ ಹೀರುತ್ತಿದೆ ಅಂದರು. ತಂಗಿ ಆ ರಾತ್ರಿ ಗುಳಿಗೆ ತೆಗೆದುಕೊಳ್ಳಲಿಲ್ಲ.

ನಾಲ್ಕು ದಿನ ಬಿಟ್ಟು ಡಾಕ್ಟರ್ ನೋಡಿದರು. ಎಲ್ಲಾ ಸರಿ ಇದೆ ಅಂದರು. ಹಾಗಾದರೆ ಕೆಂಪು ಯಾಕೆ ಬಂತು ಎಂದು ಕೇಳಲು ಆಗ ಯಾರಿಗೂ ಹೊಳೆಯಲಿಲ್ಲ.

ಗುಮ್ಮಟದ ಪಿಸುಮಾತು, ವಿಜಯಪುರ
ಸೋಮವಾರ ಮಧ್ಯಾಹ್ನ 2:30

ಅಕ್ಕಾರ, ಆ ಕೆಂಪು ಬಣ್ಣವನ್ನು ಡಾಕ್ಟರ್ ಹಾಕುವುದಿಲ್ಲ, ಕಂಪ್ಯೂಟರ್ ಹಾಕುತ್ತದೆ. ನಿಮ್ಮ ತಂಗಿಯ ಹೆಸರು ಬರೆಸುವಾಗ ಆಧಾರ್ ನೋಡಿ ಗಂಡು ಎಂದು ಒತ್ತಿರುತ್ತಾರೆ. ಕಂಪ್ಯೂಟರ್ ಗಂಡಸರ ಮಿತಿ ತೆಗೆದುಕೊಂಡು ಹೋಲಿಸುತ್ತದೆ. ಆ ಲೆಕ್ಕದಲ್ಲಿ ಎಸ್ಟ್ರಾಡಿಯಾಲ್ 40 ದಾಟಿದರೆ ಹೈ, ಟೆಸ್ಟೋಸ್ಟೆರಾನ್ 300ಕ್ಕಿಂತ ಕೆಳಗೆ ಇಳಿದರೆ ಲೋ. ಆದರೆ ಚಿಕಿತ್ಸೆ ಮಾಡುತ್ತಿರುವುದೇ ಅದಕ್ಕಲ್ವಾ? ಅಲ್ಲಿ ಕೆಂಪು ಬಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಹಿಮೋಗ್ಲೋಬಿನ್ ಕೂಡ ಹಾಗೇ. ಗಂಡಸರಲ್ಲಿ ಅದು ಜಾಸ್ತಿ ಇರುವುದೇ ಟೆಸ್ಟೋಸ್ಟೆರಾನ್‌ನಿಂದ. ಟೆಸ್ಟೋಸ್ಟೆರಾನ್ ಇಳಿದರೆ ಅದೂ ಹೆಂಗಸರ ಮಟ್ಟಕ್ಕೆ ಇಳಿಯುತ್ತದೆ. ಗಂಡಸರಿಗೆ 13ರ ಕೆಳಗೆ ಇದ್ದರೆ ಕಡಿಮೆ ಅನ್ನುತ್ತಾರೆ, ಹೆಂಗಸರಿಗೆ 12ರ ಕೆಳಗೆ. ನಿಮ್ಮ ತಂಗಿಗೆ 12.6 ಸರಿಯಾಗಿಯೇ ಇದೆ. 10, 9 ಎಂದು ಬಂದರೆ ಬೇರೆ ಮಾತು. ಆಗ ಹಾರ್ಮೋನ್ ಮೇಲೆ ಹಾಕಿ ಸುಮ್ನೆ ಕೂರಬಾರದು, ಕಾರಣ ಹುಡುಕಬೇಕು.

ಹೆಣ್ಣು ಎಂದು ಬರೆಸಿದರೂ ಒಂದು ತೊಡಕು ಇದೆ. ಎಸ್ಟ್ರಾಡಿಯಾಲ್ ಎದುರು ಮುಟ್ಟಿನ ದಿನಗಳ ಪ್ರಕಾರ ನಾಲ್ಕು ಸಾಲು ಬರುತ್ತವೆ. ಮುಟ್ಟಿನ ನಂತರ, ನಡು ತಿಂಗಳು, ಆಮೇಲಿನ ಎರಡು ವಾರ, ಮುಟ್ಟು ನಿಂತ ಮೇಲೆ. ಅದರಲ್ಲಿ ಯಾವ ಸಾಲೂ ನಮ್ಮವರಿಗೆ ಪೂರ್ತಿ ಹೊಂದುವುದಿಲ್ಲ. ಅಮೆರಿಕದ ಎಂಡೊಕ್ರೈನ್ ಸೊಸೈಟಿ 2017ರಲ್ಲಿ ಹೇಳಿದ ಗುರಿ ಎಸ್ಟ್ರಾಡಿಯಾಲ್ 100ರಿಂದ 200 ಪಿಕೋಗ್ರಾಂ, ಟೆಸ್ಟೋಸ್ಟೆರಾನ್ 50 ನ್ಯಾನೋಗ್ರಾಂಗಿಂತ ಕಡಿಮೆ. ತುಂಬಾ ಡಾಕ್ಟರ್‌ಗಳು ನೋಡುವುದು ಇದನ್ನೇ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ.

ನಿಮ್ಮ ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ.

ಕುಂದಾ ಅಕ್ಕ, ಬೆಳಗಾವಿ
ಸೋಮವಾರ ಸಂಜೆ 6:45

ಮಕ್ಕಳಾ, ನನ್ನ ಅನುಭವವನ್ನೂ ಸೇರಿಸಿಕೊಳ್ಳಿ.

ನಾನು ಜೆಲ್ ಹಚ್ಚಿಕೊಳ್ಳುವವಳು. ವಯಸ್ಸು ಐವತ್ತರ ಹತ್ತಿರ. ಗುಳಿಗೆಗಿಂತ ಚರ್ಮದ ಮೂಲಕ ಹೋಗುವುದು ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಒಳ್ಳೆಯದು ಎಂದು ಡಾಕ್ಟರ್ ಬದಲಾಯಿಸಿದರು. ಒಂದು ಸಲ ರಿಪೋರ್ಟ್ 1,140 ಬಂತು. ಎದೆ ಧಸಕ್ ಎಂದಿತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಜೆಲ್ ಎಲ್ಲಿ ಹಚ್ಚಿದ್ದೆ, ರಕ್ತ ಎಲ್ಲಿಂದ ತೆಗೆದರು? ಎರಡೂ ಎಡ ತೋಳು. ಚರ್ಮದ ಮೇಲೆ ಉಳಿದ ಜೆಲ್ ಸೂಜಿಯ ಜೊತೆ ಸ್ಯಾಂಪಲ್‌ಗೆ ಸೇರಿತ್ತು. ವಾರ ಬಿಟ್ಟು ಬಲ ತೋಳಿಂದ ತೆಗೆದರೆ 96. ಅವತ್ತಿಂದ ಜೆಲ್ ತೊಡೆಗೆ ಹಚ್ಚುತ್ತೇನೆ, ರಕ್ತ ತೋಳಿಂದ ಕೊಡುತ್ತೇನೆ.

ಇನ್ನೊಂದು ಮಾತು, ಇದನ್ನು ಹೇಳಲೇಬೇಕು. ನನ್ನ ನಿರ್ವಾಣ, ಅಂದರೆ ಗಂಡು ಅಂಗ ತೆಗೆಸುವ ಆಪರೇಷನ್, ಆದದ್ದು ಮೂವತ್ತೊಂದನೇ ವಯಸ್ಸಿಗೆ. ಆಮೇಲೆ ಇನ್ನು ಗುಳಿಗೆ ಯಾಕೆ, ಗಂಡು ಹಾರ್ಮೋನ್ ಮಾಡುವ ಅಂಗವೇ ಹೋಯಿತಲ್ಲ ಎಂದು ಎಲ್ಲಾ ಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಏಳು ವರ್ಷ ಒಂದು ಗುಳಿಗೆಯೂ ಇಲ್ಲ. ರಾತ್ರಿ ಮೈ ಬೆಂಕಿಯಾಗುತ್ತಿತ್ತು, ಬೆವರಿ ಏಳುತ್ತಿದ್ದೆ. ಬೆನ್ನು ನೋವು ಶುರುವಾಯಿತು. ಅಂಗಡಿಯಲ್ಲಿ ನಿಂತು ನಿಂತು ಬಂದದ್ದು ಎಂದುಕೊಂಡೆ. ಒಂದು ದಿನ ಬಚ್ಚಲಲ್ಲಿ ಜಾರಿದೆ. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಮೂಳೆ ಸ್ಕ್ಯಾನ್ ಮಾಡಿಸಿದರೆ ಅರವತ್ತೈದು ದಾಟಿದವರ ಮೂಳೆಯ ಹಾಗಿದೆ ಅಂದರು.

ಮೂಳೆ ಗಟ್ಟಿ ಇರಲು ಟೆಸ್ಟೋಸ್ಟೆರಾನ್ ಆಗಲಿ ಎಸ್ಟ್ರಾಡಿಯಾಲ್ ಆಗಲಿ, ಒಂದಾದರೂ ಸಾಕಷ್ಟು ಇರಬೇಕು. ಎರಡೂ ಇಲ್ಲದಿದ್ದರೆ ಮೂಳೆ ಒಳಗಿಂದ ಸವೆಯುತ್ತದೆ. ಆಪರೇಷನ್ ಆದ ಮೇಲೆ ಟೆಸ್ಟೋಸ್ಟೆರಾನ್ ತಡೆಯುವ ಗುಳಿಗೆ ಬಿಡಬಹುದು, ಎಸ್ಟ್ರಾಡಿಯಾಲ್ ಬಿಡಬಾರದು. ಸವದತ್ತಿಗೆ ಭಾರತ ಹುಣ್ಣಿಮೆಗೆ ಹೋದಾಗ ನಮ್ಮ ಸಮುದಾಯದ ಹಿರಿಯರು ಸಿಗುತ್ತಾರೆ. ಆಪರೇಷನ್ ಆಗಿ ಹಾರ್ಮೋನ್ ಮುಟ್ಟದವರು ಅವರಲ್ಲಿ ಇದ್ದಾರೆ. ಬೆನ್ನು ಬಾಗಿದೆ, ಕೋಲು ಹಿಡಿದಿದ್ದಾರೆ. ಬರೀ ವಯಸ್ಸು ಎಂದುಕೊಳ್ಳುತ್ತಾರೆ. ಸಿಕ್ಕವರಿಗೆಲ್ಲ ನಾನು ಕೈ ಹಿಡಿದು ಹೇಳುತ್ತೇನೆ, ಒಮ್ಮೆ ಡಾಕ್ಟರಿಗೆ ತೋರಿಸಿ, ಮೂಳೆ ಸ್ಕ್ಯಾನ್ ಮಾಡಿಸಿ ಎಂದು. ಲೆವಲ್ ಮೇಲೆ ಹೋಯಿತಾ ಎಂದು ಎಲ್ಲರೂ ಕೇಳುತ್ತಾರೆ. ಕೆಳಗೆ ಹೋದದ್ದು ನನ್ನನ್ನು ಏಳು ವರ್ಷ ತಿಂದಿತು.

ಇಂಡಿ ಲಿಂಬಿ, ವಿಜಯಪುರ ಜಿಲ್ಲೆ
ಸೋಮವಾರ ರಾತ್ರಿ 8:20

ಅಕ್ಕಾ, ಓದಿ ಕಣ್ಣು ತುಂಬಿ ಬಂತು. ನಮ್ಮೂರಲ್ಲೂ ಅಂಥ ಹಿರಿಯರು ಇಬ್ಬರಿದ್ದಾರೆ. ನಾಳೆಯೇ ಮಾತಾಡುತ್ತೇನೆ.

ನನ್ನದು ಬೇರೆ ಪ್ರಶ್ನೆ. ನನಗೆ ಸೈಪ್ರೋಟೆರೋನ್ ಅಲ್ಲ, ಸ್ಪೈರೋನೋಲ್ಯಾಕ್ಟೋನ್ ಕೊಟ್ಟಿದ್ದಾರೆ, ದಿನಕ್ಕೆ 100 ಮಿಗ್ರಾಂ. ಎಸ್ಟ್ರಾಡಿಯಾಲ್ 110 ಇದೆ. ಟೆಸ್ಟೋಸ್ಟೆರಾನ್ ಮಾತ್ರ 170ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಆದರೆ ಚರ್ಮ ಮೃದುವಾಗಿದೆ, ಮೈಮೇಲಿನ ಕೂದಲು ತೆಳುವಾಗಿದೆ, ಎದೆಯಲ್ಲಿ ಗಂಟು ಕಟ್ಟಿ ನೋಯುತ್ತದೆ. ಮೈ ಹೇಳುವುದು ಒಂದು, ಹಾಳೆ ಹೇಳುವುದು ಇನ್ನೊಂದು. ಯಾವುದನ್ನು ನಂಬಲಿ?

ಕುಂದಾ ಅಕ್ಕ, ಬೆಳಗಾವಿ
ಸೋಮವಾರ ರಾತ್ರಿ 9:00

ಎರಡನ್ನೂ ನಂಬು ತಂಗಿ. ಸ್ಪೈರೋನೋಲ್ಯಾಕ್ಟೋನ್ ಕೆಲಸ ಮಾಡುವ ರೀತಿಯೇ ಬೇರೆ. ಟೆಸ್ಟೋಸ್ಟೆರಾನ್ ರಕ್ತದಲ್ಲಿ ಓಡಾಡುತ್ತಿದ್ದರೂ ಅದು ಹೋಗಿ ಕೂರುವ ಜಾಗವನ್ನು ಈ ಗುಳಿಗೆ ಮೊದಲೇ ಹಿಡಿದು ಕೂರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೆ. ಜನ ನಿಂತಿದ್ದಾರೆ, ಕೂರಲು ಸೀಟಿಲ್ಲ. ರಕ್ತ ಪರೀಕ್ಷೆ ನಿಂತವರನ್ನೂ ಎಣಿಸುತ್ತದೆ. ಅದಕ್ಕೆ ಈ ಗುಳಿಗೆ ಇದ್ದಾಗ ನಂಬರ್ ಒಂದನ್ನೇ ನೋಡಿ ಸೋತೆವು ಅನ್ನಬಾರದು. ಸೈಪ್ರೋಟೆರೋನ್ ಹಾಗಲ್ಲ, ಸೀಟನ್ನೂ ಹಿಡಿಯುತ್ತದೆ, ಟೆಸ್ಟೋಸ್ಟೆರಾನ್ ತಯಾರಾಗುವುದನ್ನೂ ತಗ್ಗಿಸುತ್ತದೆ. ಆದರೂ 170 ಇದೆ ಎಂದು ನಿನ್ನ ಡಾಕ್ಟರಿಗೆ ತಿಳಿದಿರಲಿ. ಏನು ಬದಲಿಸಬೇಕು ಎಂದು ಅವರು ನೋಡುತ್ತಾರೆ.

ಗುಮ್ಮಟದ ಪಿಸುಮಾತು, ವಿಜಯಪುರ
ಸೋಮವಾರ ರಾತ್ರಿ 9:25

ಇಂಡಿ ತಂಗಿ, ಪೊಟ್ಯಾಸಿಯಂ ಮಾಡಿಸಿದ್ದೀಯಾ? ಸ್ಪೈರೋನೋಲ್ಯಾಕ್ಟೋನ್ ಮೂತ್ರ ಜಾಸ್ತಿ ಮಾಡಿಸಿ ಪೊಟ್ಯಾಸಿಯಂ ಮಾತ್ರ ಒಳಗೇ ಹಿಡಿದಿಡುತ್ತದೆ. ಅದು ತುಂಬಾ ಏರಿದರೆ ಹೃದಯದ ಬಡಿತ ಹದಗೆಡುತ್ತದೆ. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲು ಗೊತ್ತಲ್ಲ. ಬೆವರು, ಮೂತ್ರ ಎರಡೂ ಸೇರಿ ತಲೆ ತಿರುಗುತ್ತದೆ. ಬಿಸಿಲಿಗೆ ಎಂದು ದಿನಕ್ಕೆ ಮೂರು ಎಳನೀರು ಕುಡಿಯುವವರಿದ್ದಾರೆ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ನೀರು, ಮಜ್ಜಿಗೆ ಕುಡಿ. ಮೈಕೈ ನೋವಿಗೆ ಐಬುಪ್ರೊಫೆನ್ ಥರದ ಗುಳಿಗೆ ಕೇಳದೆ ನುಂಗಬೇಡ, ಅದೂ ಪೊಟ್ಯಾಸಿಯಂ ಏರಿಸುತ್ತದೆ.

ಇಂಡಿ ಲಿಂಬಿ, ವಿಜಯಪುರ ಜಿಲ್ಲೆ
ಸೋಮವಾರ ರಾತ್ರಿ 9:31

ದಿನಕ್ಕೆ ಎರಡು ಎಳನೀರು ಕುಡಿಯುತ್ತಿದ್ದೆ ಅಣ್ಣಾ. ನಾಳೆಯೇ ಮಾಡಿಸುತ್ತೇನೆ.

ಜಮಖಂಡಿ ಹುಡುಗಿ
ಸೋಮವಾರ ರಾತ್ರಿ 11:50

ಎರಡು ದಿನದಿಂದ ಎಲ್ಲಾ ಓದುತ್ತಿದ್ದೇನೆ. ಬರೆಯಲು ಧೈರ್ಯ ಆಗಲಿಲ್ಲ. ನನಗೆ ಇಪ್ಪತ್ತು ವರ್ಷ. ಡಾಕ್ಟರ್ ಹತ್ತಿರ ಹೋಗಿಲ್ಲ. ಹೋದರೆ ಮನೆಗೆ ಗೊತ್ತಾಗುತ್ತದೆ. ಗೆಳತಿಯೊಬ್ಬಳು ಹೇಳಿದಳು ಎಂದು ಐದು ತಿಂಗಳಿಂದ ಮಾಲಾ-ಡಿ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ ಮೂರು. ಹೋದ ವಾರ ಹೆದರಿ ಹೆದರಿ ಎಸ್ಟ್ರಾಡಿಯಾಲ್ ಟೆಸ್ಟ್ ಮಾಡಿಸಿದೆ. ಬರೀ 16 ಬಂತು. ಇಷ್ಟು ಗುಳಿಗೆ ತಿಂದರೂ ಮೈಗೆ ಹತ್ತಿಲ್ಲ ಅಂತ ಅಲ್ವಾ? ಐದು ಮಾಡಿದರೆ ಲೆವಲ್ ಬರುತ್ತದಾ? ನಾಲ್ಕು ದಿನದಿಂದ ಎಡ ಮೀನಖಂಡ ಬಿಗಿದು ನೋಯುತ್ತಿದೆ, ಸ್ವಲ್ಪ ಊದಿದೆ. ಅದು ಸೈಕಲ್ ಹೊಡೆದದ್ದಕ್ಕೆ ಇರಬೇಕು.

ಕುಂದಾ ಅಕ್ಕ, ಬೆಳಗಾವಿ
ಸೋಮವಾರ ರಾತ್ರಿ 11:58

ಮಗಳೇ, ಐದು ಬೇಡ. ಒಂದೂ ಬೇಡ. ಆ ಕಾಲಿನ ವಿಷಯ ಮುಂಜಾನೆವರೆಗೆ ಕಾಯುವಂಥದ್ದಲ್ಲ. ಒಂದೇ ಕಾಲು ಊದಿ ನೋಯುವುದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಗುರುತು ಇರಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಈಗಲೇ ತುರ್ತು ಚಿಕಿತ್ಸೆ ಇರುವ ದವಾಖಾನೆಗೆ ಹೋಗು. ಕಾಲು ತಿಕ್ಕಬೇಡ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡು. ಡಾಕ್ಟರಿಗೆ ಯಾವ ಗುಳಿಗೆ, ದಿನಕ್ಕೆ ಎಷ್ಟು, ಎಷ್ಟು ತಿಂಗಳು, ಎಲ್ಲಾ ಹೇಳು. ಮುಚ್ಚಿಡಬೇಡ. ನಾಚಿಕೆ ಆದರೆ ನನಗೆ ಮೆಸೇಜ್ ಮಾಡು, ಫೋನಿನಲ್ಲಿ ನಾನು ಡಾಕ್ಟರ್ ಜೊತೆ ಮಾತಾಡುತ್ತೇನೆ. ಎದ್ದೇ ಇರುತ್ತೇನೆ.

ಗುಮ್ಮಟದ ಪಿಸುಮಾತು, ವಿಜಯಪುರ
ಮಂಗಳವಾರ ಮುಂಜಾನೆ 6:10

ಅಕ್ಕಾರ, ಆ ಹುಡುಗಿಯ ಸುದ್ದಿ ಏನು?

ಕುಂದಾ ಅಕ್ಕ, ಬೆಳಗಾವಿ
ಮಂಗಳವಾರ ಮುಂಜಾನೆ 6:14

ರಾತ್ರಿ ಒಂದು ಗಂಟೆಗೆ ದವಾಖಾನೆಗೆ ಹೋದಳು. ಅವಳ ಕಾಕಾನ ಮಗ ಗಾಡಿಯಲ್ಲಿ ಕರೆದುಕೊಂಡು ಹೋದ. ಸ್ಕ್ಯಾನ್ ಇವತ್ತು ಹತ್ತು ಗಂಟೆಗೆ.

ಗುಮ್ಮಟದ ಪಿಸುಮಾತು, ವಿಜಯಪುರ
ಮಂಗಳವಾರ ಮುಂಜಾನೆ 6:50

ದೇವರು ದೊಡ್ಡವನು. ಕಾಯುತ್ತಾ ಅವಳ 16ರ ವಿಷಯ ಬರೆದಿಡುತ್ತೇನೆ. ಇದೇ ಸುಳಿಯಲ್ಲಿ ಸಿಕ್ಕವರನ್ನು ನಮ್ಮ ಲ್ಯಾಬ್‌ನಲ್ಲೂ ನೋಡಿದ್ದೇನೆ.

ಮಾಲಾ-ಡಿ ಗುಳಿಗೆಯಲ್ಲಿ ಇರುವುದು ಎಸ್ಟ್ರಾಡಿಯಾಲ್ ಅಲ್ಲ, ಎಥಿನೈಲ್ ಎಸ್ಟ್ರಾಡಿಯಾಲ್. ಹೆಸರು ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತದೆ, ವಸ್ತು ಬೇರೆ. ಒಂದು ಗುಳಿಗೆಯಲ್ಲಿ 0.03 ಮಿಗ್ರಾಂ. ಜೊತೆಗೆ ಲೆವೊನಾರ್ಜೆಸ್ಟ್ರೆಲ್ 0.15 ಮಿಗ್ರಾಂ, ಇದಕ್ಕೆ ಸ್ವಲ್ಪ ಗಂಡು ಹಾರ್ಮೋನಿನ ಗುಣವೇ ಇದೆ. ನಮ್ಮ ಎಸ್ಟ್ರಾಡಿಯಾಲ್ ಟೆಸ್ಟ್ ಈ ಎಥಿನೈಲ್ ಅನ್ನು ಹಿಡಿಯುವುದಿಲ್ಲ. ಮೈಯಲ್ಲಿ ಅದು ಭರ್ತಿ ಇದ್ದರೂ ಹಾಳೆಯಲ್ಲಿ 16 ಎಂದೇ ಬರುತ್ತದೆ. ಹತ್ತಿಲ್ಲ ಎಂದುಕೊಂಡು ಜನ ಇನ್ನೂ ನುಂಗುತ್ತಾರೆ. ಈ ಎಥಿನೈಲ್ ಲಿವರ್‌ನಲ್ಲಿ ಬೇಗ ಕರಗುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಜಾಸ್ತಿ ಮಾಡಿಸುತ್ತದೆ. ಅದಕ್ಕೇ ಹೆಣ್ತನದ ಚಿಕಿತ್ಸೆಗೆ ಇದನ್ನು ಕೊಡುವುದನ್ನು ತಿಳಿದ ಡಾಕ್ಟರ್‌ಗಳು ಬಿಟ್ಟಿದ್ದಾರೆ. ಸೇದುವ ಚಟ ಇದ್ದರೆ ಅಪಾಯ ಇನ್ನೂ ಹೆಚ್ಚು.

ಅಗ್ಗ, ಕೇಳದೆ ಕೊಡುತ್ತಾರೆ, ಮನೆಗೆ ಗೊತ್ತಾಗುವುದಿಲ್ಲ. ಅದಕ್ಕೇ ಮಕ್ಕಳು ಅದರ ಹಿಂದೆ ಹೋಗುತ್ತಾರೆ ಎಂದು ಗೊತ್ತು. ಯಾರನ್ನೂ ಬೈಯುತ್ತಿಲ್ಲ. ತೆಗೆದುಕೊಳ್ಳುತ್ತಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ವಾರವೇ ಡಾಕ್ಟರನ್ನು ನೋಡಿ.

ಜಮಖಂಡಿ ಹುಡುಗಿ
ಮಂಗಳವಾರ ಮಧ್ಯಾಹ್ನ 12:40

ಸ್ಕ್ಯಾನ್ ಆಯಿತು. ಹೆಪ್ಪು ಇಲ್ಲ. ಸ್ನಾಯು ಉಳುಕಿದ್ದು ಅಂದರು. ಗುಳಿಗೆ ಬಿಟ್ಟಿದ್ದೇನೆ. ಡ್ಯೂಟಿ ಡಾಕ್ಟರ್ ಬೈಯಲಿಲ್ಲ, ಇಷ್ಟು ದಿನ ಯಾರಿಗೂ ಹೇಳದೆ ಹೇಗಿದ್ದೆ ಅಂದರು. ಕಾಕಾನ ಮಗನಿಗೆ ಎಲ್ಲಾ ಹೇಳಿದೆ. ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಇಡ್ಲಿ ತಂದುಕೊಟ್ಟ.

ಕುಂದಾ ಅಕ್ಕ, ಬೆಳಗಾವಿ
ಮಂಗಳವಾರ ಮಧ್ಯಾಹ್ನ 12:43

ಯವ್ವಾ, ಜೀವ ಬಂತು. ಊಟ ಮಾಡಿ ಮಲಗು. ಮುಂದಿನದು ಆಮೇಲೆ ಮಾತಾಡೋಣ.

ಇಳಕಲ್ ಸೆರಗು
ಮಂಗಳವಾರ ರಾತ್ರಿ 8:05

ಒಂದು ಮಾತು ಕೇಳಲಾ? ನನ್ನದು ನಡುವಿನ ದಿನ 180 ಬರುತ್ತದೆ. 350, 400 ಇಟ್ಟುಕೊಂಡರೆ ಎದೆ ಬೇಗ ಬೆಳೆಯುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ಡಾಕ್ಟರ್ ಒಪ್ಪುತ್ತಿಲ್ಲ. ಎರಡು ವರ್ಷವಾಯಿತು, ನನಗೆ ಸಮಾಧಾನ ಇಲ್ಲ.

ಕುಂದಾ ಅಕ್ಕ, ಬೆಳಗಾವಿ
ಮಂಗಳವಾರ ರಾತ್ರಿ 8:50

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ ತಂಗಿ. ನಾನೂ ಹಾಗೇ ಕನ್ನಡಿ ಮುಂದೆ ಅಳತೆ ಪಟ್ಟಿ ಹಿಡಿದು ನಿಂತವಳು. ಆದರೆ ಲೆವಲ್ ದುಪ್ಪಟ್ಟಾದರೆ ಎದೆ ದುಪ್ಪಟ್ಟಾಗುತ್ತದೆ ಎಂದು ಯಾವ ಅಧ್ಯಯನವೂ ತೋರಿಸಿಲ್ಲ. ಮೂರರಿಂದ ಆರು ತಿಂಗಳಲ್ಲಿ ಶುರುವಾಗುತ್ತದೆ, ಪೂರ್ತಿಯಾಗಲು ಎರಡು ಮೂರು ವರ್ಷ ಬೇಕು. ಎಷ್ಟು ಬೆಳೆಯುತ್ತದೆ ಎಂಬುದು ಹೆಚ್ಚಾಗಿ ಅವರವರ ಮೈಗೆ ಬಿಟ್ಟದ್ದು. ಹೊಲಕ್ಕೆ ಎರಡು ಪಟ್ಟು ಗೊಬ್ಬರ ಸುರಿದರೆ ಜೋಳ ಎರಡು ಪಟ್ಟು ಬರುವುದಿಲ್ಲ, ಬೇರು ಸುಡುತ್ತದೆ. ನಿನ್ನ ಡಾಕ್ಟರ್ ಸರಿ.

ಇಂಡಿ ಲಿಂಬಿ, ವಿಜಯಪುರ ಜಿಲ್ಲೆ
ಮಂಗಳವಾರ ರಾತ್ರಿ 9:15

ನಾನು ಅಕ್ಕನ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಸೇರಿಸುತ್ತೇನೆ. ನಂಬರ್ ಸರಿ ಇದೆ, ಹೋಗಿ ಬಾ ಎಂದು ಎರಡು ನಿಮಿಷದಲ್ಲಿ ಕಳಿಸುವ ಡಾಕ್ಟರ್ ಕೂಡ ಸಾಕಾಗುವುದಿಲ್ಲ. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ, ಮೈ ಬಿಸಿಯಾಗುತ್ತದಾ, ಇದನ್ನೂ ಕೇಳಬೇಕು. 120ರಲ್ಲಿ ಒಬ್ಬಳಿಗೆ ಹಿತ, ಇನ್ನೊಬ್ಬಳಿಗೆ 170ರಲ್ಲಿ. ಅಂದಹಾಗೆ ನನ್ನ ಪೊಟ್ಯಾಸಿಯಂ 4.9 ಬಂತು. ಮಿತಿಯ ಒಳಗೇ ಇದೆ, ಆದರೆ ಅಂಚಿಗೆ ಬಂದಿದೆ. ಎಳನೀರು ಬಿಟ್ಟೆ.

ಗುಮ್ಮಟದ ಪಿಸುಮಾತು, ವಿಜಯಪುರ
ಮಂಗಳವಾರ ರಾತ್ರಿ 10:00

ಇಳಕಲ್ ತಂಗಿ, ಕೂದಲಿಗೆ ಎಂದು ಬಯೋಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದೀಯಾ? ಎಲ್ಲರಿಗೂ ಕೇಳುತ್ತಿದ್ದೇನೆ. 10 ಮಿಗ್ರಾಂ ಬಯೋಟಿನ್ ಇರುವ ಗುಳಿಗೆಗಳು ಮೆಡಿಕಲ್ ಶಾಪ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಕೆಲವು ಲ್ಯಾಬ್ ಮಷಿನ್‌ಗಳು ಹಾರ್ಮೋನ್ ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಎಸ್ಟ್ರಾಡಿಯಾಲ್, ಟೆಸ್ಟೋಸ್ಟೆರಾನ್ ಎರಡೂ ಇರುವುದಕ್ಕಿಂತ ಮೇಲೆ ತೋರಿಸಬಹುದು. ಥೈರಾಯ್ಡ್‌ನ ಟಿಎಸ್‌ಎಚ್ ಉಲ್ಟಾ, ಕೆಳಗೆ ತೋರಿಸುತ್ತದೆ. 2017ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ.

ಇಳಕಲ್ ಸೆರಗು
ಮಂಗಳವಾರ ರಾತ್ರಿ 10:12

ತೆಗೆದುಕೊಳ್ಳುತ್ತೇನೆ ಅಣ್ಣಾ, ಒಂದು ವರ್ಷದಿಂದ. ಹಾಗಾದರೆ ನನ್ನ 180 ಕೂಡ ನಿಜವೋ ಅಲ್ಲವೋ. ಮುಂದಿನ ಸಲ ನಿಲ್ಲಿಸಿ ಕೊಡುತ್ತೇನೆ.

ಘಟಪ್ರಭಾ ದಂಡೆ, ಬಾಗಲಕೋಟೆ
ಹದಿನೇಳು ದಿನದ ನಂತರ, ಶುಕ್ರವಾರ ಸಂಜೆ 5:30

ಎಲ್ಲರಿಗೂ ಸುದ್ದಿ ಹೇಳಬೇಕು.

ಅವತ್ತೇ ಡಾಕ್ಟರಿಗೆ ಫೋಟೋ ಕಳಿಸಿದೆ, ಗಂಟೆಗಳ ಸಮೇತ. ಡೋಸ್ ಮುಟ್ಟಬೇಡ ಎಂದು ಉತ್ತರ ಬಂತು. ನಿನ್ನೆ ಹೋಗಿ ಬಂದೆ. ಈ ಸಲ ಮುಂಜಾನೆ 6:30ಕ್ಕೆ ಬಸ್ ಹತ್ತುವ ಮೊದಲೇ ಗುಳಿಗೆ ಕರಗಿಸಿದೆ. ರಕ್ತ ಕೊಟ್ಟದ್ದು 11 ಗಂಟೆಗೆ. ಎಸ್ಟ್ರಾಡಿಯಾಲ್ 121 ಪಿಕೋಗ್ರಾಂ, ಟೆಸ್ಟೋಸ್ಟೆರಾನ್ 33 ನ್ಯಾನೋಗ್ರಾಂ. ಸೈಪ್ರೋಟೆರೋನ್ ಇದೆ ಎಂದು ಪ್ರೊಲ್ಯಾಕ್ಟಿನ್, ಲಿವರ್ ಎರಡನ್ನೂ ನೋಡಿದರು, ಸರಿ ಇವೆ. ಹಿಂದೆ ಅದನ್ನು 50, 100 ಮಿಗ್ರಾಂ ಕೊಡುತ್ತಿದ್ದರಂತೆ. ಜಾಸ್ತಿ ಡೋಸ್ ತುಂಬಾ ದಿನ ತೆಗೆದುಕೊಂಡವರಲ್ಲಿ ಮೆದುಳಿನ ಪೊರೆಯಲ್ಲಿ ಗಡ್ಡೆ ಕಂಡದ್ದರಿಂದ ಈಗ ಆದಷ್ಟು ಕಡಿಮೆ ಕೊಡುತ್ತಾರೆ. ದಿನದ 4 ಮಿಗ್ರಾಂ ಅಷ್ಟೇ ಇರಲಿ, ಎರಡರ ಬದಲು ನಾಲ್ಕು ಸಲ ಒಂದೊಂದು ಮಿಗ್ರಾಂ ಇಟ್ಟುಕೋ, ಏರಿಳಿತ ಕಡಿಮೆಯಾಗುತ್ತದೆ ಅಂದರು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ, ಅದೇ ಲ್ಯಾಬ್.

ರಿಪೋರ್ಟ್ ಇಡುವ ಫೈಲಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ತಾರೀಖು, ಗುಳಿಗೆ ಗಂಟೆ, ರಕ್ತದ ಗಂಟೆ, ಯೂನಿಟ್. ಡಾಕ್ಟರ್ ಅದನ್ನು ನೋಡಿ, ಇದರ ಫೋಟೋ ತೆಗೆದುಕೊಳ್ಳಲಾ, ಬೇರೆಯವರಿಗೂ ತೋರಿಸುತ್ತೇನೆ ಅಂದರು.

ಜಮಖಂಡಿ ತಂಗಿ, ಹೇಗಿದ್ದೀಯಾ? ಕಾಲು?

ಜಮಖಂಡಿ ಹುಡುಗಿ
ಶುಕ್ರವಾರ ಸಂಜೆ 6:20

ಕಾಲು ವಾಸಿಯಾಗಿದೆ ಅಕ್ಕಾ. ಕುಂದಾ ಅಕ್ಕ ಅವರ ಡಾಕ್ಟರ್ ಹತ್ತಿರ ಹೆಸರು ಬರೆಸಿದ್ದಾರೆ. ಬರುವ ಗುರುವಾರ. ಮೊದಲು ರಕ್ತ ಪರೀಕ್ಷೆ, ಬಿಪಿ ಎಲ್ಲಾ ನೋಡಿ ಆಮೇಲೆ ಶುರು ಮಾಡುತ್ತಾರಂತೆ. ಮುಂದೆ ಸ್ವಂತ ಮಗು ಬೇಕು ಅನಿಸಿದರೆ ವೀರ್ಯ ಶೇಖರಿಸಿಡುವ ಬಗ್ಗೆಯೂ ಮೊದಲೇ ಯೋಚಿಸಿ ಬಾ ಅಂದಿದ್ದಾರೆ. ಅದನ್ನು ಇನ್ನೂ ಯೋಚಿಸುತ್ತಿದ್ದೇನೆ. ಅವ್ವನಿಗೆ ಹೇಳಿಲ್ಲ. ಕಾಕಾನ ಮಗ ಜೊತೆಗೆ ಬರುತ್ತಾನೆ.

ಕುಂದಾ ಅಕ್ಕ, ಬೆಳಗಾವಿ
ಶುಕ್ರವಾರ ಸಂಜೆ 6:32

ಗುರುವಾರ ಹತ್ತು ಗಂಟೆಗೆ ಸೆಂಟ್ರಲ್ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಹಸಿರು ಸೀರೆ ಉಟ್ಟಿರುತ್ತೇನೆ. ಹಳೆಯ ರಿಪೋರ್ಟ್ ತರಲು ಮರೆಯಬೇಡ, ಆ 16ರದ್ದೂ ತಾ.